ಅಯ್ಯನಕೆರೆಯ ದಡದಲ್ಲಿ ಅರ್ಥವಾದ ನಕ್ಷೆ

ಮುಳ್ಳಯ್ಯನಗಿರಿ ಕಡೆ ನಡೆದು ಹತ್ತಬೇಕು ಅಂತ ಮೊದಲ ಸಲ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಂದರೆ ನೆಲದ ಏರಿಳಿತವನ್ನೂ ತೋರಿಸುವ ನಕ್ಷೆ, ತಂದುಕೊಂಡೆ. ಸ್ಕೇಲ್ 1:50,000. ಅಂದರೆ ಹಾಳೆಯ ಮೇಲಿನ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಕಾಲುದಾರಿಯ ತಿರುವುಗಳ ಮೇಲೆ ಹೊಲಿಗೆ ದಾರ ಇಟ್ಟು ಅಳೆದೆ. 6 ಸೆಂಟಿಮೀಟರ್ ಬಂತು. ಮೂರೇ ಕಿಲೋಮೀಟರ್, ಮುಕ್ಕಾಲು ಗಂಟೆ ಸಾಕು ಅಂದುಕೊಂಡೆ. ಹಿಡಿದದ್ದು ಎರಡು ಗಂಟೆ. ಮೇಲೆ ಹೋಗುವಷ್ಟರಲ್ಲಿ ಮಂಜು ಬೇರೆ ಕವಿದಿತ್ತು.

ದೂರ ಅಳೆದಿದ್ದೆ, ಏರು ಅಳೆದಿರಲಿಲ್ಲ. ಹಾಳೆ ತುಂಬ ಇದ್ದ ಕಂದು ಬಣ್ಣದ ಕಾಂಟೂರ್ ಗೆರೆಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅವು ಏನು ಹೇಳುತ್ತವೆ ಅಂತ ತಿಳಿದದ್ದು ಆ ಬೇಸಿಗೆಯಲ್ಲಿ, ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಯಲ್ಲಿ. ನೀರು ಇಳಿಯುತ್ತಾ ದಡದ ಮಣ್ಣಿನಲ್ಲಿ ಒಂದರ ಕೆಳಗೊಂದು ಗೆರೆ ಬಿಟ್ಟಿತ್ತು. ಒಂದೇ ಗೆರೆ ಹಿಡಿದು ನಡೆದೆ. ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ದಡ ನಿಧಾನವಾಗಿ ಇಳಿಯುವ ಕಡೆ ಗೆರೆಗಳು ದೂರ ದೂರ. ಕಡಿದಾದ ಕಡೆ ಒತ್ತೊತ್ತಾಗಿದ್ದವು. ಕೊರಕಲು ಬಂದಲ್ಲಿ ಗೆರೆಯೂ ಒಳಕ್ಕೆ ಬಾಗಿ, ಆಚೆ ದಡ ಹಿಡಿದು ವಾಪಸ್ ಬರುತ್ತಿತ್ತು. ಕಾಂಟೂರ್ ಅಂದರೆ ಇದೇ ಅಲ್ವಾ, ಒಂದೇ ಎತ್ತರದಲ್ಲಿ ಸಾಗುವ ಗೆರೆ!

ಮನೆಗೆ ಬಂದು ಹಾಳೆ ಬಿಚ್ಚಿದೆ. ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ಪ್ರತಿ ಐದನೆಯದು ದಪ್ಪ ಗೆರೆ, ಅಂದರೆ 100 ಮೀಟರ್. ಸೂಜಿ ಮೊನೆ ಇಟ್ಟು ನಾನು ನಡೆದ ದಾರಿ ದಾಟುವ ಗೆರೆಗಳನ್ನು ಎಣಿಸಿದೆ. ಇಪ್ಪತ್ತೈದು. 500 ಮೀಟರ್ ಏರು! ಈಗ ಗಂಟೆಗೆ 5 ಕಿಲೋಮೀಟರ್ ಅಂತ ಹಿಡಿದು, ಪ್ರತಿ 100 ಮೀಟರ್ ಏರಿಗೆ 10 ನಿಮಿಷ ಸೇರಿಸುತ್ತೇನೆ. ಕೂತು ನೀರು ಕುಡಿಯುವ ಹೊತ್ತು ಬೇರೆ. ಆವತ್ತಿನ ಎರಡು ಗಂಟೆಗೆ ಲೆಕ್ಕ ಸಿಕ್ಕಿತು.

ಹಳ್ಳ ಯಾವುದು, ಗುಡ್ಡದ ಬೆನ್ನು ಯಾವುದು ಅನ್ನುವುದೇ ಜಾಸ್ತಿ ಗೊಂದಲ. ಬಾಗಿದ ಗೆರೆಗಳ ಮೊನೆ ಎತ್ತರದ ಕಡೆ ತಿರುಗಿದ್ದರೆ ಹಳ್ಳ. ತಗ್ಗಿನ ಕಡೆ ತಿರುಗಿದ್ದರೆ ಬೆನ್ನು. ಮಂಜಿನಲ್ಲಿ ಇದು ತಲೆಕೆಳಗಾದರೆ ಬೇರೆಯೇ ಕಣಿವೆಗೆ ಇಳಿದುಬಿಡುತ್ತೀರಿ. ಇನ್ನೊಂದು: ಒಣ ಹಳ್ಳಗಳನ್ನು ಕಪ್ಪು ಗೆರೆಯಲ್ಲಿ ತೋರಿಸಿರುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ಅದನ್ನೂ ನೀಲಿ, ಅಂದರೆ ನೀರಿರುವ ಹಳ್ಳ, ಅಂತಲೇ ಓದಿಕೊಳ್ಳಿ.

ಹೊರಡುವ ಮುಂಚೆ ದಿಕ್ಸೂಚಿ ನೋಡಿ ಹಾಳೆಯ ಉತ್ತರವನ್ನು ನೆಲದ ಉತ್ತರಕ್ಕೆ ತಿರುಗಿಸಿಕೊಳ್ಳುತ್ತೇನೆ. ಅಕ್ಷರ ತಲೆಕೆಳಗಾದರೂ ಪರವಾಗಿಲ್ಲ. ಎಡಕ್ಕೆ ಕಾಣುವ ಗುಡ್ಡ ಹಾಳೆಯಲ್ಲೂ ಎಡಕ್ಕೇ ಇರಬೇಕು. ಹೋದ ತಿಂಗಳು ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಹಾಳೆ ಮೇಲೆ ಬೆರಳಿಟ್ಟು, "ಮಾವ, ಈ ತಿರುವು ಆದ್ಮೇಲೆ ಗೆರೆ ಒತ್ತಾಗಿವೆ, ಇಲ್ಲೇ ಸ್ವಲ್ಪ ಕೂರೋಣ" ಅಂದ.