ಕಾಲ್ಬೆರಳ ಉಗುರಿಗೆ ಫಂಗಸ್ ಹಿಡಿದರೆ ಏನು ಮಾಡಬೇಕು?

ಹೆಬ್ಬೆರಳ ಉಗುರಿನ ತುದಿಯಲ್ಲಿ ಬಿಳಿ ಅಥವಾ ಹಳದಿ ಕಲೆ ಕಾಣಿಸುತ್ತದೆ. ನೋವಿಲ್ಲವಲ್ಲ ಅಂತ ಸುಮ್ನೆ ಬಿಡುತ್ತೇವೆ. ಕೆಲವು ತಿಂಗಳಲ್ಲಿ ಉಗುರು ದಪ್ಪವಾಗಿ, ಅಂಚು ಉದುರಿ, ಅಡಿಯಲ್ಲಿ ಹಿಟ್ಟಿನಂಥ ಪುಡಿ ಸೇರಿಕೊಳ್ಳುತ್ತದೆ. ಶೂ ಹಾಕಿದರೆ ಒತ್ತುತ್ತದೆ. ಆಗ ಮೆಡಿಕಲ್ ಶಾಪ್‌ಗೆ ಓಡುವವರೇ ಜಾಸ್ತಿ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ.

ಮೊದಲು ಪರೀಕ್ಷೆ

ಕೆಟ್ಟುಹೋದಂತೆ ಕಾಣುವ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಫಂಗಸ್ ಕಾರಣ. ಸೋರಿಯಾಸಿಸ್ ಎಂಬ ಚರ್ಮರೋಗ, ಬಿಗಿ ಶೂ, ಹಳೆಯ ಪೆಟ್ಟು ಕೂಡ ಉಗುರನ್ನು ಹೀಗೇ ಮಾಡುತ್ತವೆ. ಚರ್ಮದ ಡಾಕ್ಟರು ಉಗುರಿನ ಚೂರನ್ನೂ ಅಡಿಯ ಪುಡಿಯನ್ನೂ ಕೆರೆದು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕಲ್ಚರ್ (ಆ ಚೂರಿನಲ್ಲಿರುವ ಫಂಗಸನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಮಾಡಿಸಿದರೆ ವರದಿ ಬರಲು ಕೆಲವು ವಾರ ಬೇಕು. ಕಾಯಿರಿ. ತಿಂಗಳುಗಟ್ಟಲೆ ತಪ್ಪು ಔಷಧಿ ತಿನ್ನುವುದಕ್ಕಿಂತ ಇದು ಎಷ್ಟೋ ಮೇಲು. ನೇಲ್ ಪಾಲಿಷ್ ಹಚ್ಚಿದ್ದರೆ ಅಳಿಸಿಕೊಂಡೇ ಹೋಗಿ. ಉಗುರಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿದ್ದರೆ ತಡ ಮಾಡಬೇಡಿ, ಅಪರೂಪಕ್ಕೆ ಅದು ಚರ್ಮದ ಕ್ಯಾನ್ಸರ್ ಆಗಿರಬಹುದು.

ಯಾರಿಗೆ ಬೇಗ ಅಂಟುತ್ತದೆ

ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ದಿನವಿಡೀ ಶೂನಲ್ಲಿ ಬೆವರುವವರು. ಬೆರಳ ಸಂದಿಯಲ್ಲಿ ತುರಿಕೆ, ಸಿಪ್ಪೆ ಏಳುವುದು ಇದ್ದರೆ ಅದೂ ಫಂಗಸ್ಸೇ ಆಗಿರಬಹುದು. ಬಹಳ ಸಲ ಉಗುರಿಗೆ ಬರುವುದು ಅಲ್ಲಿಂದಲೇ. ಅದನ್ನು ಬಿಟ್ಟು ಉಗುರಿಗಷ್ಟೇ ಔಷಧಿ ಮಾಡಿದರೆ ಮತ್ತೆ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗಂತೂ ಇದು ಅಂದದ ಪ್ರಶ್ನೆಯಲ್ಲ. ದಪ್ಪ ಉಗುರು ಒತ್ತಿ ಗಾಯವಾಗಿ, ಅಲ್ಲಿಂದ ಸೋಂಕು ಒಳಗಿಳಿಯಬಹುದು.

ಔಷಧಿ

ಸೋಂಕು ಉಗುರಿನ ತುದಿಯಲ್ಲಷ್ಟೇ ಇದ್ದರೆ ಅಮೊರಾಲ್ಫಿನ್ ಅಥವಾ ಸೈಕ್ಲೊಪಿರಾಕ್ಸ್‌ನಂಥ, ನೇಲ್ ಪಾಲಿಷ್‌ನ ಹಾಗೆ ಉಗುರಿಗೆ ಹಚ್ಚುವ ಲ್ಯಾಕರ್ ಸಾಕಾಗಬಹುದು. ಹಚ್ಚುವ ಮೊದಲು ದಪ್ಪ ಭಾಗವನ್ನು ಉಜ್ಜಿ ತೆಳುವಾಗಿಸಬೇಕು, ಇಲ್ಲದಿದ್ದರೆ ಔಷಧಿ ಒಳಗೇ ಇಳಿಯುವುದಿಲ್ಲ. ಬುಡದವರೆಗೆ ಹಬ್ಬಿದ್ದರೆ ಮಾತ್ರೆ ಬೇಕಾಗುತ್ತದೆ. ಸಾಮಾನ್ಯವಾಗಿ ದೊಡ್ಡವರಿಗೆ ಕೊಡುವುದು ಟರ್ಬಿನಾಫಿನ್ 250 ಮಿ.ಗ್ರಾಂ, ದಿನಕ್ಕೊಂದರಂತೆ 12 ವಾರ. ಇದು ಲಿವರ್‌ಗೆ ತೊಂದರೆ ಕೊಡಬಹುದು, ಹಾಗಾಗಿ ಮೊದಲು ರಕ್ತಪರೀಕ್ಷೆ ಮಾಡಿಸುತ್ತಾರೆ. ಸ್ವಂತ ತೀರ್ಮಾನದಲ್ಲಿ ನುಂಗುವ ಮಾತ್ರೆ ಇದಲ್ಲ. ಬೇರೆ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ, ಗರ್ಭಿಣಿಯೇ ಎಂಬುದನ್ನೂ ಡಾಕ್ಟರಿಗೆ ಹೇಳಿ.

ಬಹಳ ಜನ ಸೋಲುವುದು ಇಲ್ಲಿ. ಮಾತ್ರೆ ಮುಗಿದರೂ ಉಗುರು ಹಾಗೇ ಇದೆ ಅಂತ ಕೈಬಿಡುತ್ತಾರೆ. ಕಾಲಿನ ಉಗುರು ಬೆಳೆಯುವುದು ತಿಂಗಳಿಗೆ ಬರೀ ಒಂದೂವರೆ ಮಿಲಿಮೀಟರ್‌ನಷ್ಟು. ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ತಿಂಗಳಿಗೊಮ್ಮೆ ಫೋಟೋ ತೆಗೆದಿಟ್ಟುಕೊಳ್ಳಿ. ಬುಡದಲ್ಲಿ ತಿಳಿ ಗುಲಾಬಿ ಬಣ್ಣದ ಹೊಸ ಉಗುರು ಇಷ್ಟಿಷ್ಟೇ ಮುಂದೆ ಬರುತ್ತಿದ್ದರೆ ಔಷಧಿ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಮತ್ತೆ ಬರದ ಹಾಗೆ

ಕಾಲು ತೊಳೆದ ಮೇಲೆ ಬೆರಳ ಸಂದಿ ಒರೆಸಿ. ಎಲ್ಲರೂ ಮರೆಯುವುದು ಅದನ್ನೇ ಅಲ್ವಾ? ಸಾಕ್ಸ್ ದಿನಾ ಬದಲಿಸಿ. ಒಂದೇ ಶೂ ದಿನಾ ಹಾಕಬೇಡಿ, ಒಣಗಲು ಒಂದು ದಿನವಾದರೂ ಬಿಡಿ. ಈಜುಕೊಳ, ಜಿಮ್ಮಿನ ಸ್ನಾನದ ಕೋಣೆಯಲ್ಲಿ ಚಪ್ಪಲಿ ಇರಲಿ. ನೇಲ್ ಕಟರ್ ಮನೆಮಂದಿಗೆಲ್ಲ ಒಂದೇ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಸಂದಿಯಲ್ಲಿ ತುರಿಕೆ ಮರುಕಳಿಸಿದರೆ ಅದೇ ವಾರ ಔಷಧಿ ಶುರು ಮಾಡಿ, ಉಗುರಿಗೆ ಹತ್ತುವವರೆಗೆ ಕಾಯಬೇಡಿ.