ಅಂಕಕ್ಕಿಂತ ಮೊದಲು ವಿಷಯ: ಜರ್ಮನಿಗೆ ಮಾಸ್ಟರ್ಸ್ ಓದಲು ಹೊರಡುವ ನಮ್ಮ ಭಾಗದವರಿಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಜರ್ಮನಿಗೆ ಮಾಸ್ಟರ್ಸ್ ಓದಲು ಬರಬೇಕೆನ್ನುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಣ್ಣಾ, ನನ್ನ ಸಿಜಿಪಿಎ ಇಷ್ಟೈತಿ, ಸೀಟ್ ಸಿಗತೈತೇನ್ರಿ?" ಸಿಇಟಿ ರ‍್ಯಾಂಕು, ಕಟ್ ಆಫ್, ಕೌನ್ಸೆಲಿಂಗ್ ಸುತ್ತುಗಳ ನಡುವೆ ಬೆಳೆದವರು ಹೀಗೆ ಕೇಳುವುದು ಸಹಜ. ಆದರೆ ಇಲ್ಲಿನ ವಿಶ್ವವಿದ್ಯಾಲಯ ಅರ್ಜಿಯನ್ನು ಕೈಗೆತ್ತಿಕೊಂಡಾಗ ಅಂಕಕ್ಕಿಂತ ಮೊದಲು ನೋಡುವುದು ಪದವಿಯಲ್ಲಿ ನೀವು ಏನೇನು ಓದಿದ್ದೀರಿ ಎಂಬುದನ್ನು. ಪ್ರವೇಶದಿಂದ ಹಿಡಿದು ಕೊನೆಯ ಪ್ರಬಂಧ ಒಪ್ಪಿಸುವವರೆಗೆ ಇಲ್ಲಿ ಎಲ್ಲವೂ ಬರೆದಿಟ್ಟ ನಿಯಮದಂತೆ ನಡೆಯುತ್ತದೆ, ಆ ನಿಯಮವನ್ನು ಹುಡುಕಿ ಓದಿಕೊಳ್ಳುವ ಹೊಣೆ ಪೂರ್ತಿಯಾಗಿ ವಿದ್ಯಾರ್ಥಿಯದು. ಆಫೀಸಿಗೆ ಹೋಗಿ, ಗುರುತಿನವರನ್ನು ಹಿಡಿದು, ಮಾತಾಡಿ ಸರಿಪಡಿಸಿಕೊಳ್ಳಬಹುದು ಎಂಬ ನಮ್ಮ ಕಡೆಯ ಧೈರ್ಯ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಪ್ರತಿ ಮಾಸ್ಟರ್ಸ್ ಕೋರ್ಸಿಗೂ ಒಂದು ಪ್ರವೇಶ ನಿಯಮಾವಳಿ ಇರುತ್ತದೆ. ಗಣಿತದಲ್ಲಿ ಇಷ್ಟು ಕ್ರೆಡಿಟ್, ಮೂಲ ಎಂಜಿನಿಯರಿಂಗ್ ವಿಷಯಗಳಲ್ಲಿ ಇಷ್ಟು, ಪ್ರೋಗ್ರಾಮಿಂಗ್‌ನಲ್ಲಿ ಇಷ್ಟು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ಈ ಕ್ರೆಡಿಟ್ ಎಂದರೆ ಯುರೋಪಿನ ಇಸಿಟಿಎಸ್ ಲೆಕ್ಕ. ಒಂದು ಇಸಿಟಿಎಸ್‌ಗೆ ತರಗತಿ, ಮನೆಯ ಓದು, ಪರೀಕ್ಷೆಯ ತಯಾರಿ ಎಲ್ಲ ಸೇರಿ 25ರಿಂದ 30 ಗಂಟೆಗಳ ದುಡಿಮೆ ಎಂದು ಹಿಡಿಯುತ್ತಾರೆ, ಎರಡು ವರ್ಷದ ಮಾಸ್ಟರ್ಸ್ ಒಟ್ಟು 120 ಇಸಿಟಿಎಸ್ ಆಗುತ್ತದೆ. ಮೆಕ್ಯಾನಿಕಲ್ ಓದಿ ಒಂಬತ್ತರ ಸಿಜಿಪಿಎ ತೆಗೆದವರು ಡೇಟಾ ಸೈನ್ಸ್ ಕೋರ್ಸಿಗೆ ಅರ್ಜಿ ಹಾಕಿ ತಿರಸ್ಕೃತರಾಗುವುದಕ್ಕೂ, ಏಳರ ಆಸುಪಾಸಿನವರು ತಮ್ಮದೇ ವಿಭಾಗದ ಕೋರ್ಸಿಗೆ ಆಯ್ಕೆಯಾಗುವುದಕ್ಕೂ ಕಾರಣ ಇದೇ.

ಆದ್ದರಿಂದ ಅರ್ಜಿಯ ಎಲ್ಲ ಕೆಲಸಗಳಲ್ಲಿ ಹೆಚ್ಚು ಸಮಯ ಬೇಡುವುದು, ಬೇಡಬೇಕಾದದ್ದು, ನಿಮ್ಮ ವಿಷಯಗಳನ್ನು ಅವರ ವಿಷಯಗಳ ಎದುರಿಗಿಟ್ಟು ತೋರಿಸುವ ಕೋಷ್ಟಕ. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) 2018ರ ಸ್ಕೀಮ್‌ನ ಮೂರನೇ ಸೆಮಿಸ್ಟರಿನ ಗಣಿತವನ್ನೇ ತೆಗೆದುಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ ಅದರ ಹೆಸರು 'ಟ್ರಾನ್ಸ್‌ಫಾರ್ಮ್ ಕ್ಯಾಲ್ಕುಲಸ್, ಫೂರಿಯರ್ ಸೀರೀಸ್ ಅಂಡ್ ನ್ಯೂಮರಿಕಲ್ ಟೆಕ್ನಿಕ್ಸ್' ಎಂದಿರುತ್ತದೆ. ಅದರೊಳಗೆ ಲಾಪ್ಲಾಸ್ ಪರಿವರ್ತನೆ, ಝಡ್ ಟ್ರಾನ್ಸ್‌ಫಾರ್ಮ್, ಅವಕಲ ಸಮೀಕರಣಗಳ ಸಂಖ್ಯಾತ್ಮಕ ಪರಿಹಾರ ಇವೆಲ್ಲ ಇವೆ ಎಂಬುದು ಅರ್ಜಿ ಪರಿಶೀಲಿಸುವ ಜರ್ಮನ್ ಅಧ್ಯಾಪಕರಿಗೆ ತಿಳಿಯುವುದು ಹೇಗೆ? ನೀವು ಓದಿದ ಸ್ಕೀಮ್‌ನ ಸಿಲಬಸ್ ಪುಟವನ್ನು ಲಗತ್ತಿಸಿ, ಅವರ ನಿಯಮಾವಳಿ ಕೇಳುವ 'ನ್ಯೂಮರಿಕಲ್ ಮ್ಯಾಥಮ್ಯಾಟಿಕ್ಸ್' ಎಂಬ ಸಾಲಿನ ಎದುರಿಗೆ ಈ ವಿಷಯದ ಹೆಸರು, ಕೋಡ್, ಪುಟ ಸಂಖ್ಯೆ ಬರೆದರೆ ಅವರ ಕೆಲಸ ಸುಲಭವಾಗುತ್ತದೆ, ನಿಮ್ಮ ಕ್ರೆಡಿಟ್ ಲೆಕ್ಕಕ್ಕೆ ಸೇರುತ್ತದೆ. ಕಾಲೇಜಿನ ಜೂನಿಯರ್ ಒಬ್ಬರಿಂದ ಬೇರೆ ಸ್ಕೀಮ್‌ನ ಸಿಲಬಸ್ ಪಡೆದು ಹಾಕಬೇಡಿ. ವಿಷಯದ ಕೋಡ್ ನಿಮ್ಮ ಮಾರ್ಕ್ಸ್ ಕಾರ್ಡಿಗೆ ತಾಳೆಯಾಗದಿದ್ದರೆ ಆ ಪುಟಕ್ಕೆ ಬೆಲೆಯಿಲ್ಲ.

ಅಂಕ ಲೆಕ್ಕಕ್ಕೆ ಬಾರದೆಂದಲ್ಲ. ಇಲ್ಲಿ 1.0 ಅತ್ಯುತ್ತಮ, 4.0 ಪಾಸಾಗುವ ಕೊನೆಯ ಮಿತಿ, 5.0 ಎಂದರೆ ಫೇಲ್. ಭಾರತದ ಅಂಕವನ್ನು ಈ ಅಳತೆಗೆ ತರಲು ಪರಿಷ್ಕೃತ ಬವೇರಿಯನ್ ಸೂತ್ರವನ್ನು ಬಳಸುತ್ತಾರೆ: ಗರಿಷ್ಠ ಅಂಕದಿಂದ ನಿಮ್ಮ ಅಂಕವನ್ನು ಕಳೆದು, ಬಂದದ್ದನ್ನು ಗರಿಷ್ಠ ಮತ್ತು ಕನಿಷ್ಠ ಪಾಸ್ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಬೇಕು. ಪಾಸ್ ಅಂಕ 40 ಇರುವಲ್ಲಿ ಶೇ. 70 ಪಡೆದವರದು 2.5 ಆಗುತ್ತದೆ, ಶೇ. 76 ಪಡೆದವರದು 2.2. ಅನೇಕ ಕೋರ್ಸುಗಳು 2.5ನ್ನು ಮಿತಿಯಾಗಿ ಇಟ್ಟಿರುವುದರಿಂದ ಈ ಲೆಕ್ಕವನ್ನು ಅರ್ಜಿ ಶುಲ್ಕ ಕಟ್ಟುವ ಮೊದಲೇ ಮಾಡಿ ನೋಡಿ.

ಕಾಗದಪತ್ರಗಳ ವಿಚಾರದಲ್ಲಿ ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. ವಿಟಿಯುವಿನ ಕೇಂದ್ರ ಕಚೇರಿ ಬೆಳಗಾವಿಯಲ್ಲೇ ಇರುವುದರಿಂದ, ಎಲ್ಲ ಸೆಮಿಸ್ಟರುಗಳ ಅಂಕಗಳ ಅಧಿಕೃತ ಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟ್ ವಿಚಾರದಲ್ಲಿ ತೊಡಕಾದರೆ ಖುದ್ದಾಗಿ ಅದರ ಆವರಣವಾದ ಜ್ಞಾನ ಸಂಗಮಕ್ಕೆ ಹೋಗಿ ಬರಬಹುದು. ಸ್ವಾಯತ್ತ ಕಾಲೇಜಿನಲ್ಲಿ ಓದಿದವರು ಮಾತ್ರ ಮೊದಲು ತಮ್ಮ ಕಾಲೇಜಿನ ಪರೀಕ್ಷಾ ವಿಭಾಗವನ್ನೇ ಕೇಳಬೇಕು, ಏಕೆಂದರೆ ಅಲ್ಲಿ ಪರೀಕ್ಷೆ ನಡೆಸುವುದೂ ಗ್ರೇಡ್ ಕಾರ್ಡ್ ಕೊಡುವುದೂ ಕಾಲೇಜೇ. ಇದಾದ ಮೇಲೆ ಎಪಿಎಸ್ ಪ್ರಮಾಣಪತ್ರ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ಜರ್ಮನಿಯ ವೀಸಾ ಪಡೆಯಲು, ಅತ್ಯಲ್ಪ ವಿನಾಯಿತಿಗಳನ್ನು ಬಿಟ್ಟರೆ, ದೆಹಲಿಯ ಎಪಿಎಸ್ ಕೇಂದ್ರದಿಂದ ತಮ್ಮ ಶೈಕ್ಷಣಿಕ ದಾಖಲೆಗಳ ಪರಿಶೀಲನೆ ಮಾಡಿಸಿಕೊಳ್ಳಲೇಬೇಕು. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಪದವಿಯವರೆಗೆ ಹೆಸರಿನ ಕಾಗುಣಿತ ಒಂದೇ ಬಗೆಯಲ್ಲಿರಲಿ. ಊರ ಹೆಸರು, ತಂದೆಯ ಹೆಸರು, ಅಡ್ಡಹೆಸರು ಒಂದೊಂದು ಕಾರ್ಡಿನಲ್ಲಿ ಒಂದೊಂದು ಕ್ರಮದಲ್ಲಿರುವುದು ನಮ್ಮಲ್ಲಿ ಸಾಮಾನ್ಯ. ಪಾಸ್‌ಪೋರ್ಟ್ ಮಾಡಿಸುವಾಗಲೇ ಇದನ್ನು ಸರಿಪಡಿಸಿಕೊಳ್ಳಿ. ಬ್ಯಾಕ್‌ಲಾಗ್ ಇದ್ದರೆ ಬಚ್ಚಿಡುವ ಯೋಚನೆ ಬೇಡ. ಎಲ್ಲ ಮಾರ್ಕ್ಸ್ ಕಾರ್ಡುಗಳೂ ಪರಿಶೀಲನೆಗೆ ಹೋಗುತ್ತವೆ, ಬಚ್ಚಿಟ್ಟದ್ದು ಸಿಕ್ಕಿಬಿದ್ದರೆ ಆಗುವ ಹಾನಿ ಬ್ಯಾಕ್‌ಲಾಗ್‌ಗಿಂತ ದೊಡ್ಡದು.

ಕೆಲವು ವಿಶ್ವವಿದ್ಯಾಲಯಗಳು ಅರ್ಜಿಯನ್ನು ನೇರವಾಗಿ ಪಡೆಯುತ್ತವೆ, ಕೆಲವು ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ಪಡೆಯುತ್ತವೆ. ಅಕ್ಟೋಬರ್‌ನಲ್ಲಿ ಆರಂಭವಾಗುವ ಚಳಿಗಾಲದ ಸೆಮಿಸ್ಟರಿಗೆ ಜುಲೈ 15 ಕೊನೆಯ ದಿನವೆಂದು ಬಹಳ ಕಡೆ ಓದುತ್ತೀರಿ, ಆದರೆ ಯುರೋಪಿನ ಹೊರಗಿನವರಿಗೆ ಈ ದಿನ ಮಾರ್ಚ್, ಮೇ ತಿಂಗಳಲ್ಲೇ ಮುಗಿಯುವ ಕೋರ್ಸುಗಳು ಬೇಕಾದಷ್ಟಿವೆ. ಹಿಂದಿನ ವರ್ಷದ ದೀಪಾವಳಿಯ ಹೊತ್ತಿಗೆ ಎಪಿಎಸ್ ಮತ್ತು ಐಇಎಲ್‌ಟಿಎಸ್ ಕೆಲಸ ಆರಂಭಿಸಿದವರಿಗೆ ಗಾಬರಿ ಇರುವುದಿಲ್ಲ.

ಇನ್ನು ಈ ಕೋರ್ಸು ನಿಮಗೇಕೆ ಬೇಕೆಂದು ವಿವರಿಸುವ ಮೋಟಿವೇಶನ್ ಲೆಟರ್. ಬಾಲ್ಯದ ಕನಸು, ತಂತ್ರಜ್ಞಾನದ ಮೇಲಿನ ಅಪಾರ ಪ್ರೀತಿ, ಜರ್ಮನಿಯ ಶ್ರೇಷ್ಠತೆ ಇವುಗಳಿಂದ ತುಂಬಿದ ಪತ್ರಗಳನ್ನು ಪ್ರವೇಶ ಸಮಿತಿಯವರು ನೂರಾರು ಓದಿರುತ್ತಾರೆ. ಮುಧೋಳದ ಕಡೆಯ ಕಬ್ಬಿನ ಹೊಲಕ್ಕಾಗಿ ಮಣ್ಣಿನ ತೇವಾಂಶ ಅಳೆದು ಹನಿ ನೀರಾವರಿಯ ವಾಲ್ವ್ ತೆರೆಯುವ ಸಾಧನವನ್ನು ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ಮಾಡಿದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಯೊಬ್ಬ ಇದ್ದಾನೆಂದು ಭಾವಿಸೋಣ. "ರೈತರಿಗೆ ನೆರವಾಗುವ ಸ್ಮಾರ್ಟ್ ವ್ಯವಸ್ಥೆ ರೂಪಿಸಿದ್ದೇನೆ" ಎಂದು ಅವನು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಎರೆಭೂಮಿ ಒಣಗಿ ಬಿರುಕು ಬಿಟ್ಟಾಗ ಸೆನ್ಸರಿಗೂ ಮಣ್ಣಿಗೂ ನಡುವೆ ಗಾಳಿ ಸೇರಿ ರೀಡಿಂಗ್ ತಪ್ಪಾಗುತ್ತಿತ್ತು, ಅದನ್ನು ಸರಿಪಡಿಸಲು ಇಂಥ ಕ್ಯಾಲಿಬ್ರೇಶನ್ ಮಾಡಿ ನೋಡಿದೆ, ಇಷ್ಟರಮಟ್ಟಿಗೆ ಸರಿಹೋಯಿತು, ಉಳಿದದ್ದನ್ನು ಬಗೆಹರಿಸಲು ನಿಮ್ಮ ಎರಡನೇ ಸೆಮಿಸ್ಟರಿನ ಸಿಗ್ನಲ್ ಪ್ರೊಸೆಸಿಂಗ್ ವಿಷಯ ನನಗೆ ಬೇಕು ಎಂದು ಬರೆದರೆ, ಅವನು ಹೊಲಕ್ಕೆ ಹೋಗಿದ್ದಾನೆ, ಯೋಚಿಸಿದ್ದಾನೆ, ನಮ್ಮ ಕೋರ್ಸಿನ ವಿಷಯಪಟ್ಟಿಯನ್ನೂ ಓದಿದ್ದಾನೆ ಎಂಬ ಮೂರೂ ಸಂಗತಿಗಳು ಒಟ್ಟಿಗೆ ತಿಳಿಯುತ್ತವೆ. ಶಿಫಾರಸು ಪತ್ರ ಕೇಳುವ ಕೋರ್ಸುಗಳಿಗೂ ಇದೇ ಮಾತು. ನಿಮ್ಮ ಹೆಸರು ಗೊತ್ತಿಲ್ಲದ ಪ್ರಿನ್ಸಿಪಾಲರ ಪತ್ರಕ್ಕಿಂತ ಪ್ರಾಜೆಕ್ಟ್ ಗೈಡ್ ಆಗಿದ್ದ ಮೇಡಂ ಬರೆದುಕೊಟ್ಟ ಪತ್ರಕ್ಕೆ ತೂಕ ಹೆಚ್ಚು.

ಹಣದ ಲೆಕ್ಕವನ್ನು ಮನೆಯವರ ಎದುರಿಗೆ ಕುಳಿತು ಪೂರ್ತಿಯಾಗಿ ಬರೆಯಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ ಎಂಬುದು ನಿಜ, ಸೆಮಿಸ್ಟರಿಗೊಮ್ಮೆ ಒಂದು ವಂತಿಗೆ ಮಾತ್ರ ಇರುತ್ತದೆ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಮಾಸ್ಟರ್ಸ್ ಕೋರ್ಸುಗಳಿಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ ನಿಗದಿ ಮಾಡಿದೆ. ಇದರ ಹೊರತಾಗಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಖರ್ಚಿನ ಹಣ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ಅದು ಶುಲ್ಕವಲ್ಲ, ನಿಮ್ಮದೇ ಹಣ. ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈಗೇ ಬರುತ್ತದೆ. ಶಿಕ್ಷಣ ಸಾಲ ಮಾಡುವವರು ಈ ಮೊತ್ತವನ್ನೂ ಸಾಲದಲ್ಲಿ ಸೇರಿಸಿ ಒಂದೇ ಕಂತಿನಲ್ಲಿ ಕೊಡುತ್ತಾರೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ವಿದೇಶದಲ್ಲಿ ಓದಲು ನೆರವು ನೀಡುವ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆಯಿದೆ. ಪದವಿಯ ನಂತರ ಎರಡು ವರ್ಷ ಕೆಲಸ ಮಾಡಿದವರು ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ಇಪಿಒಎಸ್ ವಿದ್ಯಾರ್ಥಿವೇತನವನ್ನು ತಪ್ಪದೆ ನೋಡಬೇಕು. ಅದರ ಪಟ್ಟಿಯಲ್ಲಿ ಕೃಷಿ, ನೀರು, ಪರಿಸರದ ಕೋರ್ಸುಗಳು ಇರುವುದರಿಂದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಅದು ಒಳ್ಳೆಯ ದಾರಿ, ಅವರಲ್ಲಿ ಬಹಳ ಮಂದಿಗೆ ಇದರ ಸುದ್ದಿಯೇ ಮುಟ್ಟಿಲ್ಲವೆಂಬುದು ನನಗೆ ನೋವಿನ ಸಂಗತಿ.

ಕನ್ಸಲ್ಟೆನ್ಸಿಗಳ ಬಗ್ಗೆ ಒಂದು ಮಾತು. ಕಮಿಷನ್ ಕೊಡುವ ಖಾಸಗಿ ಸಂಸ್ಥೆಗಳ ಕಡೆಗೇ ವಿದ್ಯಾರ್ಥಿಗಳನ್ನು ತಿರುಗಿಸುವವರು ಇದ್ದಾರೆ. ಅವರು ತೋರಿಸುವ ಸಂಸ್ಥೆ ಸರ್ಕಾರಿಯೋ ಖಾಸಗಿಯೋ, ಅದಕ್ಕೆ ರಾಜ್ಯದ ಮಾನ್ಯತೆ ಇದೆಯೋ ಎಂಬುದನ್ನು ಮುಂಗಡ ಕೊಡುವ ಮೊದಲು ನೀವೇ ತಿಳಿದುಕೊಳ್ಳಿ. ಅರ್ಜಿ ಹಾಕುವ ಕೆಲಸದಲ್ಲಿ ಒಬ್ಬ ಪದವೀಧರನಿಗೆ ಸ್ವತಃ ಮಾಡಲಾಗದ್ದು ಏನೂ ಇಲ್ಲ.

ಕರ್ನಾಟಕದವರ ವೀಸಾ ಬೆಂಗಳೂರಿನ ಜರ್ಮನ್ ದೂತಾವಾಸದ ವ್ಯಾಪ್ತಿಗೆ ಬರುತ್ತದೆ. ಜರ್ಮನ್ ಭಾಷೆಯ ಪರೀಕ್ಷೆಗಾದರೆ ಬೆಳಗಾವಿಯವರಿಗೆ ಬೆಂಗಳೂರಿಗಿಂತ ಪುಣೆಯ ಮ್ಯಾಕ್ಸ್ ಮ್ಯುಲ್ಲರ್ ಭವನ ಹತ್ತಿರ. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಹೊರಡುವ ಮುನ್ನ ಎ2 ಎಂಬ ಆರಂಭಿಕ ಮಟ್ಟದವರೆಗೆ ಜರ್ಮನ್ ಕಲಿತು ಬನ್ನಿ. ಮನೆ ಹುಡುಕುವಾಗ, ಆಸ್ಪತ್ರೆಯಲ್ಲಿ, ಮುಂದೆ ಕೆಲಸ ಹುಡುಕುವಾಗ ಅದರ ಬೆಲೆ ತಿಳಿಯುತ್ತದೆ. ಬಂದ ಮೇಲೆ ಮನೆಯ ವಿಳಾಸವನ್ನು ಎರಡು ವಾರದೊಳಗೆ ನಗರಾಡಳಿತದಲ್ಲಿ ನೋಂದಾಯಿಸಬೇಕು. ವಿದ್ಯಾರ್ಥಿ ದರದ ಸಾರ್ವಜನಿಕ ಆರೋಗ್ಯ ವಿಮೆ 30 ವರ್ಷ ತುಂಬುವವರೆಗೆ ಮಾತ್ರ ಎಂಬುದು ಕೆಲವು ವರ್ಷ ದುಡಿದು ಓದಲು ಬರುವವರಿಗೆ ಗೊತ್ತಿರಲಿ.

ಓದು ಆರಂಭವಾದ ಮೇಲೆ ನಮ್ಮವರು ಎಡವುವುದು ಬುದ್ಧಿಶಕ್ತಿಯ ಕೊರತೆಯಿಂದಲ್ಲ, ಪರೀಕ್ಷೆಯ ಪದ್ಧತಿಯನ್ನು ತಡವಾಗಿ ತಿಳಿದುಕೊಳ್ಳುವುದರಿಂದ. ಉಪನ್ಯಾಸಗಳಿಗೆ ಹಾಜರಿ ಹಾಕುವುದಿಲ್ಲ, ಇಂಟರ್ನಲ್ಸ್ ಇರುವುದಿಲ್ಲ, ಬಹುತೇಕ ವಿಷಯಗಳಲ್ಲಿ ಸೆಮಿಸ್ಟರಿನ ಕೊನೆಗೆ ನಡೆಯುವ ಒಂದೇ ಪರೀಕ್ಷೆ ಪೂರ್ತಿ ಗ್ರೇಡನ್ನು ತೀರ್ಮಾನಿಸುತ್ತದೆ. ಆ ಪರೀಕ್ಷೆಗೆ ಹೆಸರು ನೋಂದಾಯಿಸಲು ಪೋರ್ಟಲ್‌ನಲ್ಲಿ ಕೆಲವೇ ವಾರಗಳ ಅವಧಿ ಇರುತ್ತದೆ. ಅದು ಮುಗಿದರೆ ದಂಡ ಕಟ್ಟಿ ಸೇರಿಕೊಳ್ಳುವ ಅವಕಾಶವನ್ನು ನಿರೀಕ್ಷಿಸಬೇಡಿ. ನೋಂದಾಯಿಸಿ, ಹಿಂಪಡೆಯುವ ದಿನ ದಾಟಿದ ಮೇಲೆ ಹೋಗದಿದ್ದರೆ 5.0 ಬೀಳುತ್ತದೆ, ಕಾಯಿಲೆಯಾಗಿದ್ದರೆ ವೈದ್ಯರ ಪ್ರಮಾಣಪತ್ರವನ್ನು ಕೂಡಲೇ ಪರೀಕ್ಷಾ ಕಚೇರಿಗೆ ಮುಟ್ಟಿಸಬೇಕು. ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯಕ್ಕೆ ಒಟ್ಟು ಮೂರೇ ಅವಕಾಶ. ಕಡ್ಡಾಯ ವಿಷಯವೊಂದರಲ್ಲಿ ಮೂರನೆಯದೂ ಹೋದರೆ ಆ ಕೋರ್ಸಿನಿಂದ ಹೆಸರು ತೆಗೆಯುತ್ತಾರೆ, ಜರ್ಮನಿಯ ಬೇರೆ ಕಡೆಯೂ ಅದೇ ಕೋರ್ಸಿಗೆ ಸೇರುವುದು ದುಸ್ತರವಾಗುತ್ತದೆ. ಎಷ್ಟು ವರ್ಷವಾದರೂ ಬ್ಯಾಕ್ ತೀರಿಸಬಹುದು ಎಂಬ ಭಾವನೆಯಿಂದ ಮೊದಲ ಸಲ ಸುಮ್ಮನೆ ಬರೆದು ನೋಡುವುದು ಇಲ್ಲಿ ಅಪಾಯಕಾರಿ. ಪಾಸಾದ ಪರೀಕ್ಷೆಯನ್ನು ಗ್ರೇಡ್ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಲು ಸಾಮಾನ್ಯವಾಗಿ ಬಿಡುವುದಿಲ್ಲ.

ಇದೇ ಪದ್ಧತಿಯೊಳಗೆ ವಿದ್ಯಾರ್ಥಿಗೆ ಅನುಕೂಲವಾದ ಒಂದು ಏರ್ಪಾಡೂ ಇದೆ. ಫಲಿತಾಂಶದ ನಂತರ ನಿಗದಿತ ದಿನದಂದು ಹೋಗಿ ನಿಮ್ಮ ಉತ್ತರ ಪತ್ರಿಕೆಯನ್ನು ನೋಡಬಹುದು. ರಿವ್ಯಾಲ್ಯುಯೇಶನ್‌ಗೆ ಹಣ ಕಟ್ಟಿ ಕಾಯಬೇಕಾಗಿಲ್ಲ. ಕೋಣೆಯಲ್ಲಿ ಕುಳಿತು, ಪತ್ರಿಕೆಯನ್ನು ತಿರುವಿ, ಈ ಹಂತಕ್ಕೆ ಅಂಕ ಬಂದಿಲ್ಲವೇಕೆ ಎಂದು ಸಹಾಯಕರನ್ನು ಕೇಳಿದರೆ ಅವರು ನೋಡಿ ವಿವರಿಸುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ. ಸಂಕೋಚದಿಂದ ಹೋಗದೆ ಉಳಿಯುವವರಲ್ಲಿ ನಮ್ಮವರೇ ಹೆಚ್ಚು. ಪ್ರಶ್ನೆ ಕೇಳಿದರೆ ಅಧ್ಯಾಪಕರಿಗೆ ಅಗೌರವವಾಯಿತೆಂದು ಇಲ್ಲಿ ಯಾರೂ ತಿಳಿಯುವುದಿಲ್ಲ. ಅಭ್ಯಾಸ ತರಗತಿಗಳಲ್ಲಿ ಬಾಯಿಬಿಡದೆ ಕುಳಿತವರಿಗೇ ನಷ್ಟ.

ಎರಡನೇ ಸೆಮಿಸ್ಟರಿನಿಂದಲೇ ಒಂದು ವಿಭಾಗದ ಪ್ರಯೋಗಾಲಯದಲ್ಲಿ 'ಹಿವಿ' ಎಂದು ಕರೆಯುವ ವಿದ್ಯಾರ್ಥಿ ಸಹಾಯಕರ ಕೆಲಸ ಹುಡುಕಿ. ಹೊರಗಿನ ಕೆಲಸಕ್ಕೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನಗಳ ಮಿತಿಯಿದೆ, ಹಿವಿ ಕೆಲಸ ಆ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿದರೆ ಕೈಗೆ ಹೆಚ್ಚು ಹಣ ಬರಬಹುದು, ಆದರೆ ಸಾಮಾನ್ಯವಾಗಿ 30 ಇಸಿಟಿಎಸ್‌ನ, ಆರು ತಿಂಗಳ ಪ್ರಬಂಧಕ್ಕೆ ಮಾರ್ಗದರ್ಶಕರನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕಾದ ಈ ವ್ಯವಸ್ಥೆಯಲ್ಲಿ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಸಂಶೋಧಕರೊಬ್ಬರು ಇರುವುದು ಅದಕ್ಕಿಂತ ಮುಖ್ಯವೆಂದು ನಾನು ನಂಬಿದ್ದೇನೆ. ಮಾರ್ಗದರ್ಶಕರು ಸಿಕ್ಕ ಮೇಲೂ ವಿಷಯವನ್ನು ಅಧಿಕೃತವಾಗಿ ನೋಂದಾಯಿಸಿದ ದಿನದಿಂದ ಗಡುವು ಓಡಲಾರಂಭಿಸುತ್ತದೆ, ಆದ್ದರಿಂದ ಹಳೆಯ ಸಂಶೋಧನೆಗಳ ಓದನ್ನು ನೋಂದಣಿಗೆ ಮೊದಲೇ ಮುಗಿಸಿ.

ಪದವಿ ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳವರೆಗೆ ವಾಸದ ಪರವಾನಗಿ ಸಿಗುತ್ತದೆ. ಪದವಿ ಪ್ರಮಾಣಪತ್ರ ಕೈಸೇರಲು ಕೆಲವೊಮ್ಮೆ ವಾರಗಳೇ ಹಿಡಿಯುವುದರಿಂದ, ಎಲ್ಲ ವಿಷಯಗಳಲ್ಲಿ ಉತ್ತೀರ್ಣರಾಗಿದ್ದೀರೆಂಬ ತಾತ್ಕಾಲಿಕ ಪತ್ರವನ್ನು ಪರೀಕ್ಷಾ ಕಚೇರಿಯಿಂದ ಪಡೆದು, ಈಗಿರುವ ಪರವಾನಗಿಯ ಅವಧಿ ಮುಗಿಯುವ ಮುನ್ನವೇ ವಿದೇಶಿಯರ ಕಚೇರಿಗೆ ಅರ್ಜಿ ಸಲ್ಲಿಸಿ.