ಗೀಫಾ ಐದು ದಿನ, ಮೇಲೆ ನಾಲ್ಕು ದಿನ ನಮ್ಮದು

ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಫೌಂಡ್ರಿಗಳಿಂದ, ಅಂದರೆ ಲೋಹ ಎರಕದ ಕಾರ್ಖಾನೆಗಳಿಂದ, ಜರ್ಮನಿಗೆ ಹೋಗಿಬಂದವರು ನೋಡಿದ್ದು ಏರ್‌ಪೋರ್ಟು, ಹೋಟೆಲು, ಎಕ್ಸಿಬಿಷನ್ ಹಾಲು ಅಷ್ಟೇ. ಕಂಪನಿ ಟಿಕೆಟ್‌ನಲ್ಲಿ ಸ್ವಂತ ತಿರುಗಾಟ ಸೇರಿಸಿದರೆ ಅಕೌಂಟ್ಸ್‌ನವರು ಬಿಲ್ಲೇ ಪಾಸು ಮಾಡಲ್ಲ ಅಂತ ಎಲ್ಲರೂ ಹೆದರಿಸಿದ್ದರು. 2023ರ ಜೂನ್ 16ಕ್ಕೆ ಡುಸೆಲ್‌ಡಾರ್ಫ್‌ನ ಗೀಫಾ ಎಂಬ ಫೌಂಡ್ರಿ ಮೇಳ ಮುಗಿಯಿತು. 21ರ ಬುಧವಾರ ವಿಮಾನ ಹತ್ತಿದೆ, ಒಂದು ರೂಪಾಯಿಯೂ ಕಟ್ ಆಗಲಿಲ್ಲ.

ಅದಕ್ಕೆ ಮೊದಲಿನ ಸಲ ಕೈ ಸುಟ್ಟಿತ್ತು. ಟಿಕೆಟ್ ಆದಮೇಲೆ ದಿನಾಂಕ ಬದಲಿಸಲು ಹೋಗಿ ದಂಡ, ದರದ ವ್ಯತ್ಯಾಸ ಸೇರಿ 28 ಸಾವಿರದ ಆಸುಪಾಸು ಕೇಳಿದರು. ಹಾಗಾಗಿ ಟಿಕೆಟ್‌ಗೆ ಮೊದಲೇ ಕೇಳಿಬಿಡಬೇಕು. ಕೆಲಸದ ದಿನಗಳಿಗಷ್ಟೇ ಎಷ್ಟು, ಉಳಿದುಕೊಂಡರೆ ಎಷ್ಟು, ಎರಡೂ ದರದ ಸ್ಕ್ರೀನ್‌ಶಾಟ್ ಒಂದೇ ಹೊತ್ತಿನಲ್ಲಿ ತೆಗೆದು ಅಪ್ರೂವಲ್ ಮೇಲ್‌ಗೆ ಲಗತ್ತಿಸಿ. ಹೆಚ್ಚಾದರೆ ವ್ಯತ್ಯಾಸ ನಮ್ಮ ಜೇಬಿಂದ. ಮೇಳ ಮುಗಿದ ಮರುದಿನ ಶನಿವಾರ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ, ನನ್ನ ಬುಧವಾರದ ಟಿಕೆಟ್ ಆರು ಸಾವಿರದಷ್ಟು ಕಮ್ಮಿಯೇ ಬಂತು. ಅಲ್ಲಿಗೆ ಅಕೌಂಟ್ಸ್‌ನವರ ಬಾಯಿ ಬಂದ್. ವಾಪಸ್ ಬರುವ ದಿನದ ಡಿಎ (ದಿನಭತ್ಯೆ) ಕೇಳಿ, ಸಂಕೋಚ ಬೇಡ. ಯಾವತ್ತು ಹೊರಟರೂ ಆ ಒಂದು ದಿನ ಇದ್ದೇ ಇರುತ್ತದಲ್ಲ. ಶುಕ್ರವಾರ ಸಂಜೆಯಿಂದ ಮಾತ್ರ ಕಂಪನಿ ಕಾರ್ಡ್ ಹೊರಗೆ ತೆಗೆಯಬಾರದು.

ವೀಸಾ ಬಿಸಿನೆಸ್ ಷೆಂಗೆನ್ನೇ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಸಾಕು. ಆದರೆ ಹೆಚ್ಚುವರಿ ದಿನಗಳು ಕವರಿಂಗ್ ಲೆಟರ್‌ನಲ್ಲೇ ಇರಬೇಕು, ಅವುಗಳ ಹೋಟೆಲ್ ಬುಕಿಂಗ್ ನಮ್ಮ ಹೆಸರಲ್ಲಿ. ವಿಮೆ ಕನಿಷ್ಠ 30,000 ಯೂರೋದ್ದು. ಕಂಪನಿ ಪಾಲಿಸಿ ಕೆಲಸದ ಕೊನೆ ದಿನಕ್ಕೇ ಮುಗಿಯುವುದುಂಟು, ನೋಡಿಕೊಳ್ಳಿ. ಸ್ಟಿಕ್ಕರ್ ಮೇಲಿನ ಕೊನೆ ದಿನಾಂಕ ನೋಡಿ ಹಿಗ್ಗಬೇಡಿ. ಅದರಲ್ಲಿ 15 ದಿನ ಸಡಿಲ ಸೇರಿಸಿರುತ್ತಾರೆ. ಲೆಕ್ಕಕ್ಕೆ ಬರುವುದು ಅದೇ ಸ್ಟಿಕ್ಕರ್‌ನಲ್ಲಿ ಬರೆದ, ಉಳಿಯಬಹುದಾದ ದಿನಗಳ ಸಂಖ್ಯೆ. ಇಳಿದ ದಿನವೂ ಒಂದು, ಹೊರಟ ದಿನವೂ ಒಂದು. ರಾತ್ರಿ ಎಣಿಸಿದವರಿಗೆ ಒಂದು ದಿನ ಕಮ್ಮಿ ಬೀಳುತ್ತದೆ.

ಮೇಳದ ವಾರ ಡುಸೆಲ್‌ಡಾರ್ಫ್‌ನಲ್ಲಿ ರೂಮಿಗೆ ಹತ್ತಿರಹತ್ತಿರ 230 ಯೂರೋ ಇತ್ತು. ಪಕ್ಕದೂರು ಡ್ಯೂಸ್‌ಬರ್ಗ್‌ಗೆ ಹೋದರೆ 70. ಮೇಳಕ್ಕೆ ಒಯ್ದ ಸ್ಯಾಂಪಲ್ ಎರಕಗಳನ್ನು ಗಿರಾಕಿಗೇ ಕೊಟ್ಟುಬಿಡಿ. ಹನ್ನೊಂದು ಕಿಲೋ ಕಬ್ಬಿಣ ಎಳೆದುಕೊಂಡು ಊರು ನೋಡಲಾಗದು. ಓಡಾಟಕ್ಕೆ ಜರ್ಮನಿಯಿಡೀ ಲೋಕಲ್ ರೈಲು, ಬಸ್ಸು, ಟ್ರಾಮ್‌ಗೆ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್, ಆಗ ತಿಂಗಳಿಗೆ 49 ಯೂರೋ, 2025ಕ್ಕೆ 58 ಆಯಿತು. ವೇಗದ ಐಸಿಇ ರೈಲಿಗೆ ನಡೆಯಲ್ಲ. ಅದು ಚಂದಾ, ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳಿಗೂ ದುಡ್ಡು ಹೋಗುತ್ತದೆ. 

ನಮ್ಮ ಕಸುಬಿನವರು ನೋಡಲೇಬೇಕಾದದ್ದು ಡ್ಯೂಸ್‌ಬರ್ಗ್‌ನ ಲ್ಯಾಂಡ್‌ಶಾಫ್ಟ್‌ಪಾರ್ಕ್. ಸ್ಟೇಷನ್ನಿಂದ 903 ಟ್ರಾಮ್, ಪ್ರವೇಶ ಉಚಿತ, ರಾತ್ರಿಯೂ ತೆರೆದಿರುತ್ತದೆ. 1985ರಲ್ಲಿ ಬೆಂಕಿ ಆರಿಸಿ ಮುಚ್ಚಿದ ಕಬ್ಬಿಣದ ಕಾರ್ಖಾನೆಯನ್ನು ಗುಜರಿಗೆ ಹಾಕದೆ ಹಾಗೇ ಬಿಟ್ಟಿದ್ದಾರೆ. ಅದಿರು ಕರಗಿಸುತ್ತಿದ್ದ ಐದನೇ ಬ್ಲಾಸ್ಟ್ ಫರ್ನೇಸ್‌ನ ನೆತ್ತಿಯವರೆಗೆ ಹತ್ತಬಹುದು. ಗ್ಯಾಸ್ ಟ್ಯಾಂಕಿಗೆ ನೀರು ತುಂಬಿ ಡೈವಿಂಗ್ ಕಲಿಸುತ್ತಾರೆ, ಕರಗಿದ ಕಬ್ಬಿಣ ಹರಿಯುತ್ತಿದ್ದ ಕಾಸ್ಟ್ ಹೌಸ್‌ನಲ್ಲಿ ಬೇಸಿಗೆಗೆ ಸಿನಿಮಾ. 1923ರಲ್ಲಿ ಮಲೆನಾಡಿನ ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರಿನಿಂದ ಶುರುವಾದ ಭದ್ರಾವತಿ ಕಾರ್ಖಾನೆಯನ್ನು ಬಲ್ಲವರು ಅಲ್ಲಿ ಅರ್ಧ ದಿನ ಸುಮ್ಮನೆ ಕೂರಬಹುದು. ಪಕ್ಕದೂರು ಎಸ್ಸೆನ್‌ನ ತ್ಸೋಲ್‌ಫರಾಯ್ನ್ ಹಳೇ ಕಲ್ಲಿದ್ದಲು ಗಣಿಗೆ 107 ಟ್ರಾಮ್. ಚೆನ್ನಾಗಿದೆ, ಆದರೆ ಅತಿಯಾಗಿ ಒರೆಸಿಟ್ಟಿದ್ದಾರೆ.

ಅದೇ ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ಫ್ರಾನ್ಸ್ ಗಡಿ ಹತ್ತಿರದ ಫೋಲ್ಕ್ಲಿಂಗನ್ ಕಬ್ಬಿಣದ ಕಾರ್ಖಾನೆಗೂ ಹೋದದ್ದು ದಡ್ಡತನ. ಲೋಕಲ್ ರೈಲುಗಳಲ್ಲಿ ಹೋಗುವುದಕ್ಕೇ ಐದು ಗಂಟೆ ಮೇಲಾಯಿತು, ರೈನ್ ದಂಡೆ ನೋಡಿದ್ದಷ್ಟೇ ಲಾಭ.

ಭಾನುವಾರ ಅಂಗಡಿಗಳು ಬಂದ್, ದೊಡ್ಡ ಸ್ಟೇಷನ್ನಿನೊಳಗಿನವು ಬಿಟ್ಟು. ಶನಿವಾರವೇ ಅಕ್ಕಿ, ಮೊಸರು ತಂದಿಡಿ. ಡಬ್ಬಿ ಮೇಲೆ ‘ನಾಟುರ್’ ಅಂತಿದೆಯೇ ನೋಡಿ, ವೆನಿಲಾ ಮೊಸರಲ್ಲಿ ಅನ್ನ ಕಲಸಿದ ಮೇಲೆ ಮಾಡುವುದೇನೂ ಇರಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಗೆ ತಕರಾರಿಲ್ಲ. ತುಪ್ಪ ಒಯ್ಯುವಂತಿಲ್ಲ, ಇಲ್ಲಿಂದ ತರುವ ಹಾಲಿನ ಪದಾರ್ಥಕ್ಕೆ ಅಲ್ಲಿ ನಿಷೇಧ.

ಡುಸೆಲ್‌ಡಾರ್ಫ್‌ನ ಆಲ್ಟ್ ಬಿಯರ್ ಕಾಲು ಲೀಟರಿನ ಗ್ಲಾಸಿನಲ್ಲಿ ಬರುತ್ತದೆ. ಖಾಲಿಯಾದರೆ ಕೇಳದೆಯೇ ಇನ್ನೊಂದು ಇಟ್ಟು, ಕೆಳಗಿನ ರಟ್ಟಿನ ಬಿಲ್ಲೆಯ ಮೇಲೆ ಪೆನ್ಸಿಲ್ ಗೀಟು ಎಳೆದು ಹೋಗುತ್ತಾರೆ. ಬೇಡ ಎಂದು ಕೈ ಆಡಿಸಿ ಪ್ರಯೋಜನವಿಲ್ಲ, ಆ ಬಿಲ್ಲೆಯನ್ನೇ ಗ್ಲಾಸಿನ ಮೇಲೆ ಮುಚ್ಚಬೇಕು. ನನಗೆ ಇದು ಗೊತ್ತಾಗುವಷ್ಟರಲ್ಲಿ ಐದು ಗೀಟಾಗಿತ್ತು.